ತೇಪೆ ಹಾಕಿದ ಗುಡುಗು

ಬಿತ್ತನೆಯ ತಿಂಗಳು, ಅಮಾವಾಸ್ಯೆಯ ಮರುದಿನ

ಅರಮನೆಯ ಉಗ್ರಾಣ ತೆರೆದೆ. ಎಣ್ಣೆ ಅಳೆದು ಕೊಟ್ಟೆ. ಕಂಚಿನ ಹಂಡೆಗಳನ್ನು ಉಜ್ಜಿಸಿದೆ. ಅಡುಗೆಗಲ್ಲ. ಸಾಲ್ಮೋನಿಯಸ್ ದೊರೆ ಅವನ್ನು ರಥದ ಹಿಂದೆ ಕಟ್ಟಿ ಬೀದಿಯಲ್ಲಿ ಎಳೆಯುತ್ತಾನೆ. ಅದು ಗುಡುಗಂತೆ. ಉರಿಯುವ ಪಂಜು ಎಸೆಯುತ್ತಾನೆ. ಅದು ಸಿಡಿಲಂತೆ. ಇನ್ನು ಮೇಲೆ ಸಿಡಿಲಿನ ದೇವರು ಜೀಯಸ್ ತಾನೇ ಅಂತೆ. ಹರಕೆಯ ಕುರಿ ಅರಮನೆಗೇ ಬರಬೇಕು.

ಸವೆದ ತಳಕ್ಕೆ ತೇಪೆ ಹಾಕಿಸುವವನು ನಾನು. ದೇವರ ಗುಡುಗಿಗೆ ತೇಪೆ.

ಇದನ್ನೆಲ್ಲ ಗೀಚುತ್ತಿರುವುದು ಹಸಿಮಣ್ಣಿನ ಹಲಗೆಯ ಮೇಲೆ. ಇವನ್ನು ನಾವು ಮಡಕೆಯಂತೆ ಸುಟ್ಟು ಗಟ್ಟಿ ಮಾಡುವುದಿಲ್ಲ. ವರ್ಷ ತುಂಬಿದರೆ ನೀರಿಗೆ ಹಾಕಿ ಮತ್ತೆ ಕಲಸುತ್ತೇವೆ. ಅದಕ್ಕೇ ಇಷ್ಟು ಧೈರ್ಯ.

ಶುಕ್ಲಪಕ್ಷ, ಐದನೆಯ ದಿನ

ಹೆಂಡತಿ ಎರಿಥಾಳದು ಮತ್ತೆ ಅದೇ ಮಾತು — ಹೊಳೆ ದಾಟಿ ಅಣ್ಣನ ಮನೆಗೆ ಹೋಗೋಣ.

"ನಿಜವಾದವನು ಸುಮ್ನಿರ್ತಾನಾ?"

"ಇದ್ದರೆ ತಾನೇ?"

"ನಿಮ್ಮ ದೊರೆಗೆ ಹುಚ್ಚು. ಆ ಹುಚ್ಚಿಗೆ ಹಂಡೆ ಉಜ್ಜಿಸೋರು ನೀವು. ಯಾರು ದೊಡ್ಡ ಹುಚ್ಚ, ಹೇಳಿ?"

ನಕ್ಕೆ. ನಗುವುದು ಸುಲಭ.

ಹುಣ್ಣಿಮೆ

ಮೆರವಣಿಗೆ. ಪಕ್ಕದಲ್ಲಿ ಕುಂಬಾರ ಅಲ್ಕಾನ್. ಅವನ ಮನೆಯಿಂದ ಕಸಿದ ಹಂಡೆಯೂ ರಥದ ಹಿಂದೆ ಕುಪ್ಪಳಿಸುತ್ತಿತ್ತು.

"ಆ ಗುಡುಗಲ್ಲಿ ನಮ್ಮವ್ವ ಬೇಳೆ ಬೇಯಿಸ್ತಿದ್ಲು ಕಣಯ್ಯಾ," ಅಂದ.

ಎಲ್ಲರೂ ಅಡ್ಡಬಿದ್ದರು. ಅವನು ಬೀಳಲಿಲ್ಲ. ಪಂಜು ಎದೆಗೆ ತಗಲಿತು. ಸಿಡಿಲು ಬಡಿದವನು ಬದುಕಬಾರದಲ್ಲ... ಮಿಕ್ಕಿದ್ದನ್ನು ಭಟರ ಈಟಿ ಮುಗಿಸಿತು.

ನಾನು ಬಿದ್ದಿದ್ದೆ. ಎಲ್ಲರಿಗಿಂತ ಮೊದಲು.

ಕೃಷ್ಣಪಕ್ಷದ ಕೊನೆ, ಬೆಳಗ್ಗೆ

ಇಷ್ಟು ದಿನ ಬರೆಯಲಿಲ್ಲ. ದೊರೆಯನ್ನು ಹೀಯಾಳಿಸಲು ಬಾಯಿ ಉಳಿದಿಲ್ಲ. ತಾನು ದೇವರೆಂಬ ನಂಬಿಕೆಯಾದರೂ ಅವನಿಗಿದೆ. ನನಗೆ ಯಾವುದೂ ಇಲ್ಲ. ಆದರೂ ಮಣ್ಣು ಮುಕ್ಕಿದೆ.

ಎರಿಥಾ ಗಂಟು ಕಟ್ಟಿದ್ದಾಳೆ.

"ಬರ್ತೀರೋ, ಹಂಡೆ ಕಾಯ್ತೀರೋ?"

"ನೀನು ಮೊದಲ ದೋಣಿಗೆ ಹೋಗು. ಅಲ್ಕಾನನ ತಾಯಿಯ ಹಂಡೆ ಅವಳಿಗೆ ಮುಟ್ಟಿಸಿ ಮುಂದಿನದಕ್ಕೆ ಬರ್ತೀನಿ."

"ಕದ್ದಾ?"

"ಕದ್ದೇ."

ಎಷ್ಟೋ ದಿನಗಳ ಮೇಲೆ ನನ್ನ ಮುಖವನ್ನು ನೇರ ನೋಡಿದಳು.

ಅದೇ ದಿನ, ಮಧ್ಯಾಹ್ನ

ಅವಳು ದಾಟಿರಬೇಕು. ಹಂಡೆ ಸಿಕ್ಕಿತು, ತಳದಲ್ಲಿ ನಾನೇ ಹಾಕಿಸಿದ ತೇಪೆ. ಕಂಬಳಿಯಲ್ಲಿ ಸುತ್ತಿಟ್ಟಿದ್ದೇನೆ. ಈ ಹಲಗೆಗಳನ್ನು ನೀರಿನ ತೊಟ್ಟಿಗೆ ಹಾಕಿ ಹೊರಡುವುದಷ್ಟೇ.

ಹೊರಗೆ ಗುಡುಗು. ಒಂದು ಮೋಡವೂ ಇಲ್ಲ. ದೊರೆಯ ಸವಾರಿ ಮತ್ತೆ ಹೊರಟಿತೇ... ನನ್ನ ಮೊಣಕಾಲು ಆಗಲೇ ಬಾಗುತ್ತಿದೆ. ಥೂ.

ಆದರೆ ಉಳಿದ ಹಂಡೆಗಳೆಲ್ಲ ಇಲ್ಲೇ, ಗೋಡೆಯ ಮೇಲೆ, ನನ್ನೆದುರಿಗೇ ತೂಗುತ್ತಿವೆ. ಹಾಗಾದರೆ ಈ ಗುಡುಗು ನಿಜವಾದವನ —