ಅಡ್ಜಸ್ಟ್ ಎಂಬ ಮಾತಿಗೆ ನಮ್ಮ ಮನೆಯ ಅರ್ಥಗಳು

ಘೋಣಸಗಿ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಸಂಗು ಮಾವಾ,

ನಿನ್ನೆ ಫೋನಿನಲ್ಲಿ ನಾನು ಬರೀ 'ಹ್ಞೂಂ' ಅಂದೆ. ಸ್ಪೀಕರ್ ಹಾಕಿದ್ದರು, ಅದಕ್ಕೇ. ಸುತ್ತ ಅಪ್ಪ, ಅವ್ವ, ಆಯಿ. 'ಶೈಲೂ, ಅರಾಮ ಅದಿಯೇನ?' ಅಂತ ನೀನು ಕೇಳಿದರೆ ಅಷ್ಟು ಜನರ ನಡುವೆ ಇನ್ನೇನು ಹೇಳಲಿ? ನೀನು ಹೇಗಿದ್ದೀ? ನಾಸಿಕದ ನರ್ಸರಿಯಲ್ಲಿ ದ್ರಾಕ್ಷಿ ಕಸಿ ಕಟ್ಟಿ ಕಟ್ಟಿ ಬೆರಳು ನೋಯುತ್ತವೆ ಅಂದಿದ್ದೆಯಲ್ಲ, ಕಡಿಮೆಯಾಯಿತಾ? ಅಡುಗೆಯವನು ಇನ್ನೂ ಬೇಳೆಗೆ ಬೆಲ್ಲ ಸುರಿಯುತ್ತಾನಾ? ಪಾಪ ನೀನು.

ನನ್ನ ಮೊಬೈಲ್ ಅವ್ವನ ಟ್ರಂಕಿನಲ್ಲಿದೆ, ಅದಕ್ಕೆ ಈ ಕಾಗದ. ಜಲನಗರದ ದೊಡ್ಡವ್ವನ ಮನೆಯಿಂದ ಹಬ್ಬಕ್ಕೆಂದು ಕರೆಸಿಕೊಂಡವರು ಮತ್ತೆ ಕಾಲೇಜಿಗೆ ಕಳಿಸಲೇ ಇಲ್ಲ. ನಮ್ಮ ಇಂಗ್ಲಿಷ್ ವಾಟ್ಸಾಪ್ ಗ್ರೂಪು ಗೊತ್ತಲ್ಲ, ದಿನಕ್ಕೊಂದು ಪದ ಹಾಕಿ ಅದರ ಅರ್ಥ, ಸಮಾನಾರ್ಥಗಳಿಗೆ ಬಡಿದಾಡುವುದು? ನಾನು ಅದರ ಹುಚ್ಚು ಅಭಿಮಾನಿ, ಹಲ್ಲುಜ್ಜುವ ಮೊದಲೇ ಉತ್ತರ ಹಾಕುವವಳು. ಕೊನೆಗೆ ನೋಡಿದ ಪದ 'ಅಡ್ಜಸ್ಟ್'. ಹೊಂದಿಸು, ತಿದ್ದು, ಸರಿಪಡಿಸು, ಒಗ್ಗಿಕೋ ಅಂತ ಟೈಪ್ ಮಾಡುತ್ತಿದ್ದೆ, ಅವ್ವ ಮೊಬೈಲ್ ಕಿತ್ತುಕೊಂಡಳು. ಉಳಿದ ಅರ್ಥಗಳನ್ನು ಈಗ ಮನೆಯವರೇ ಕಲಿಸುತ್ತಿದ್ದಾರೆ.

ಅಪ್ಪ 'ಕಾಲೇಜಿಂದು ಆಮ್ಯಾಲೆ ಅಡ್ಜಸ್ಟ್ ಮಾಡೂಣು ತಗೋ' ಅಂದರೆ ಓದು ಮುಗಿಯಿತು ಅಂತ. ಆಯಿ ಮೊಮ್ಮಗಳ ತಲೆ ಸವರಿ 'ವಯಸ್ಸು ಗಿಯಸ್ಸು ತಾನ ಅಡ್ಜಸ್ಟ್ ಆಕ್ಕೈತಿ ಬೇ' ಅಂದರೆ ನನ್ನನ್ನು ಎತ್ತಿ ಆಡಿಸಿದ ಸೋದರಮಾವನಿಗೇ, ನಿನಗೇ, ನಾನು ಹೆಂಡತಿಯಾಗಬೇಕು ಅಂತ. ಅವ್ವ ರೊಟ್ಟಿ ಬಡಿಯುತ್ತಾ ಹೇಳುತ್ತಾಳೆ: 'ನೀ ಬ್ಯಾಡ ಅಂದ್ರ ನನ್ನ ತವರಮನಿ ಬಾಗಿಲಾ ಮುಚ್ಚತೈತಿ. ಇಷ್ಟ ಅಡ್ಜಸ್ಟ್ ಮಾಡ್ಕೊಳ್ಳಾಕ ಆಗೂದಿಲ್ಲೇನ ನಿನಗ?' ಇದಕ್ಕೆ ಸಮಾನಾರ್ಥ ಹುಡುಕಿದೆ ಮಾವಾ, ಅಳು ಬಂತು. ಟಿಕೋಟಾ ಬಸ್ಸಿನಲ್ಲಿ ಈ ಮಾತು ಹೇಳಿದರೆ ಸೀಟಿನಲ್ಲಿದ್ದವರೆಲ್ಲ ಸ್ವಲ್ಪ ಸ್ವಲ್ಪ ಸರಿಯುತ್ತಾರೆ. ಇಲ್ಲಿ ಸರಿಯುತ್ತಿರುವವಳು ನಾನೊಬ್ಬಳೇ. ಗೋಡೆ ಬಂದುಬಿಟ್ಟಿದೆ.

ನೀನು ಕೆಟ್ಟವನಾಗಿದ್ದರೆ ಸುಲಭವಿತ್ತು. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ 'ಬಿದ್ದೀಲೇ ಹುಡುಗಿ, ಹಗ್ಗ ಬಿಡಬ್ಯಾಡ' ಅಂತ ಬೈಯುತ್ತಲೇ ತೂಗುತ್ತಿದ್ದವನು ನೀನು. ನಿನ್ನನ್ನು ಬೇರೆ ಯಾವ ಹೆಸರಿನಿಂದ ಕರೆಯಲಿ? ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುತ್ತಾರಂತೆ. 'ಸಂಗು ಒಪ್ಯಾನ' ಅಂತ ನನಗೆ ಹೇಳಿದ್ದಾರೆ. ನಿನಗೆ 'ಶೈಲಾ ಒಪ್ಯಾಳ' ಅಂತ ಹೇಳಿರಬೇಕು.

ಆಯಿಗೆ ಮಂಡಿನೋವಿನ ಎಣ್ಣೆ ತಾ, ದಿನಾ ನೆನೆಸುತ್ತಾಳೆ. ಕಸಿ ಚಾಕು ಜೋಪಾನ. ನಿನ್ನ ಬೆರಳುಗಳಿಗೆ ನನ್ನ ನಮಸ್ಕಾರ.

ನಿನ್ನ ಅಕ್ಕನ ಮಗಳು,
ಶೈಲಶ್ರೀ

ತಾ.ಕ.: ಪಕ್ಕದ ಮನೆಯ ಸೀತವ್ವ ಟಪಾಲಿಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹೊರಗಿನ ವರನಾಗಿದ್ದರೆ ಹೆಣ್ಣು ನೋಡುವ ಶಾಸ್ತ್ರವಾದರೂ ಇರುತ್ತಿತ್ತು, ಯಾರಾದರೂ ನೆಪಕ್ಕೆ 'ಹುಡುಗಿನ್ನ ಒಂದ್ ಮಾತ್ ಕೇಳ್ರಿ' ಅನ್ನುತ್ತಿದ್ದರು. ವರ ಸೋದರಮಾವನೇ ಆದರೆ ಅದು ಬೇಡವಂತೆ. 'ಮನಿ ಹುಡುಗಿನ್ನ ಏನ್ ನೋಡೂದೈತಿ?' ಅಂತಾನೆ ಅಪ್ಪ. ನನಗೆ ಆ ಶಾಸ್ತ್ರ ಬೇಕು ಮಾವಾ. ಅಮಾವಾಸ್ಯೆಯೊಳಗೆ ಬಾ. ಚಾಪೆಯ ಮೇಲೆ ವರನ ಹಾಗೆ ಕೂತು ಎಲ್ಲರೆದುರು ನನ್ನನ್ನು ಕೇಳು. ನಾನು ಬೇಡ ಅನ್ನುತ್ತೇನೆ, ಓಣಿಗೆಲ್ಲ ಕೇಳುವ ಹಾಗೆ. ಆಮೇಲೆ ನೀನು ಅವ್ವನಿಗೆ 'ಅಕ್ಕಾ, ಪಂಚಮಿಗೆ ಬಾ' ಅಂದರೆ ಸಾಕು, ಅವಳ ತವರನ್ನು ಯಾರು ಮುಚ್ಚುತ್ತಾರೆ? ನನಗೆ ಹೇಳುವ ಧೈರ್ಯವಿದೆ. ಕೇಳುವ ಧೈರ್ಯ ನಿನಗೈತೇನ?