ಯಜಮಾನರು ಒತ್ತಿದ ಉತ್ತರ

ಹರಿಹರ

ಪದ್ಮಶ್ರೀ ಮೇಡಂ ಅವರಿಗೆ ನಮಸ್ಕಾರ.

ಡಯಾಲಿಸಿಸ್ ರೋಗಿಗಳಿಗೆಂದು ನೀವು ಮೊಬೈಲಿಗೆ ಕಳಿಸಿದ ಸರ್ವೆಗೆ ನನ್ನ ಹೆಸರಲ್ಲಿ ಬಂದಿರುವ ಉತ್ತರಗಳು ನನ್ನವಲ್ಲ. ಫೋನ್ ನಮ್ಮ ಯಜಮಾನರದು. ದಾವಣಗೆರೆಯಲ್ಲಿ ನನಗೆ ಡಯಾಲಿಸಿಸ್ ನಡೆಯುತ್ತಿದ್ದಾಗ ಹೊರಗೆ ಕೂತು ಅವರೇ ಒತ್ತಿದ್ದಾರೆ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು.

ನೋವು, ನಿದ್ದೆಯ ಉತ್ತರಗಳು ಸರಿಯಾಗಿಯೇ ಇವೆ, ಬಿಡಿ. ಆದರೆ ಹೀಗೇ ಹತ್ತು ವರ್ಷ ಬದುಕುವುದೋ, ಪೂರ್ತಿ ಆರೋಗ್ಯವಾಗಿ ನಾಲ್ಕೇ ವರ್ಷವೋ ಎಂದು ಕೇಳಿದ್ದಕ್ಕೆ ಹತ್ತು ಎಂದಿದ್ದಾರೆ.

"ನನ್ನ ಕೇಳ್ದೆ ಯಾಕ್ ಒತ್ತಿದ್ರಿ?" ಅಂದೆ.

"ಉಳಿದ ಆರು ವರ್ಷ ನಾನೊಬ್ನೇ ಹೆಂಗಿರ್ಲಿ?" ಅಂದರು.

ನನ್ನ ಉತ್ತರ ನಾಲ್ಕು. ದಯವಿಟ್ಟು ತಿದ್ದಿಕೊಳ್ಳಿ. ತಿದ್ದಿದ ಮೇಲೆ ಆ ನಂಬರಿಗೆ ಫೋನ್ ಮಾಡಬೇಡಿ, ಮೆಸೇಜೂ ಬೇಡ. ಅವರ ಪಾಲಿಗೆ ಹತ್ತೇ ಇರಲಿ.

ಇಂತಿ,
ಪುಷ್ಪಲತಾ