ಕೈ ನಡುಗಿದ ಮಾತು

ಮಾರ್ಚ್ ೧೧, ಬುಧವಾರ

ಧ್ಯಾನದ ಗುಂಪಿಗೆಂದು ಬರೆಯುತ್ತಿರುವ ಅನುಭವದ ಬರಹದಲ್ಲಿ ಇದೊಂದನ್ನು ಬಿಟ್ಟೇಬಿಡುತ್ತಿದ್ದೆ: ಇಂದು ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬರ ಹಲ್ಲು ಕೊರೆಯುವಾಗ ನನ್ನ ಕೈ ನಡುಗಿತು. ಬಾಯಿ ತೆರೆದು ಮಲಗಿದ್ದ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಅಷ್ಟು ಸಾಲದೇ?

ಈಜು, ನಡಿಗೆ ಬಿಟ್ಟು ಆ ಹೊತ್ತನ್ನೂ ಧ್ಯಾನಕ್ಕೇ ಕೊಟ್ಟ ಮೇಲೆ, ಬೆನ್ನಿನಿಂದ ನೆತ್ತಿಗೆ ಏರಿದ ಕಾವು ಇಳಿಯುವುದೇ ಇಲ್ಲ. ನಿದ್ದೆಯೂ ಇಲ್ಲ. ಇದನ್ನೇ ಪ್ರಗತಿ ಎಂದುಕೊಂಡಿದ್ದೆನಲ್ಲ.

ಸಂಜೆ ಬಂದ ಅಕ್ಕ ಹಣೆ ಮುಟ್ಟಿ ನೋಡಿದಳು. "ಧ್ಯಾನ ಮಾಡೋರು ತಣ್ಣಗಿರ್ತಾರೆ ಅಂತಾರೆ. ನೀನು ನೋಡಿದ್ರೆ ಇಸ್ತ್ರಿಪೆಟ್ಟಿಗೆ ಆಗಿದೀಯ. ಏಳೇ, ಮೈಗೆ ವ್ಯಾಯಾಮ ಆಗ್ಲಿ, ಈ ಬೀರು ಸರಿಸಿ ಗುಡಿಸೋಣ."

"ಅದು ವ್ಯಾಯಾಮ ಅಲ್ಲ ಕಣೇ."

"ಬೆವರಿಗೆ ಅದೆಲ್ಲ ಗೊತ್ತಾಗಲ್ಲ ಬಿಡು."

ಬೀರು, ಮಂಚ ಎರಡನ್ನೂ ತಳ್ಳಿದೆವು. ಕಾವು ಪಾದದವರೆಗೆ ಇಳಿದಂತಾಯಿತು. ಪೂರ್ತಿ ಅಲ್ಲ, ಕಿವಿ ಇನ್ನೂ ಗುಂಯ್‌ಗುಡುತ್ತಿದೆ. ನಾಳೆಯ ರೋಗಿಗಳನ್ನು ಮುಂದೂಡಿದ್ದೇನೆ.

ಆದರೆ ನನ್ನನ್ನು ನೋಡಿ ವ್ಯಾಯಾಮ ಬಿಟ್ಟ ಹೊಸಬರು ಗುಂಪಿನಲ್ಲಿದ್ದಾರೆ. ಅವರಲ್ಲೊಬ್ಬಳು ತಲೆ ಬಿಸಿಯಾಗುತ್ತಿದೆ ಎಂದಾಗ "ಇನ್ನಷ್ಟು ಹೊತ್ತು ಕೂತ್ಕೊಳ್ಳಿ" ಎಂದವಳು ನಾನೇ. ಅವಳು ಶಾಲೆಯ ಬಸ್ಸು ಓಡಿಸುತ್ತಾಳೆ.

ಬರಹವನ್ನು ತಿದ್ದಿ ಭಾನುವಾರ ಹಾಕೋಣ ಎಂದಿದ್ದೆ. ಬೇಡ. ಅವಳು ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಎಚ್ಚರಿಸಿ, ಇದ್ದದ್ದನ್ನು ಇದ್ದ ಹಾಗೇ ಗುಂಪಿಗೆ ಹಾಕುವುದು ನಾಳೆ ಬೆಳಿಗ್ಗೆಯೇ, ಮಾರ್ಚ್ ೧೨.